ಆಚೆ ದಡವಿಲ್ಲದ ಕೆರೆ

ಅಮ್ಮನಿಗೆ ಸಮುದ್ರ ತೋರಿಸಲು ಇವತ್ತು ಮಲ್ಪೆಗೆ ಹೊರಟಿದ್ದೆವು, ಸ್ನೇಹಿತರೇ. ಬುತ್ತಿಯೂ ಕಟ್ಟಿ ಆಗಿತ್ತು. ಕಾರು ಬಾಗಿಲಿಗೆ ಬಂದ ಮೇಲೆ ಅಮ್ಮ, “ನಾ ಬರಲ್ಲ ಕಣೇ” ಎಂದು ಜಗಲಿಯ ಮೇಲೆ ಕೂತುಬಿಟ್ಟಳು.

ಸಮುದ್ರಕ್ಕಾಗಿ ಅವಳಷ್ಟು ಹಂಬಲಿಸಿದವರು ಸಖರಾಯಪಟ್ಟಣದಲ್ಲಿ ಯಾರೂ ಇರಲಾರರು. ಎಂಬತ್ತರ ದಶಕದಲ್ಲಿ ಅಪ್ಪ ತೆಂಗಿನ ವ್ಯಾಪಾರದ ಗೆಳೆಯರ ಜೊತೆ ಒಮ್ಮೆ ಉಡುಪಿ ಕಡೆ ಹೋಗಿಬಂದರು. ಹೆಂಗಸರನ್ನು ಕರೆದೊಯ್ಯುವ ಮಾತೇ ಇರಲಿಲ್ಲ. ಬಂದವರು ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯದ್ದನ್ನು, ಬೆಳಗಿನವರೆಗೆ ಕೂತು ಯಕ್ಷಗಾನ ನೋಡಿದ್ದನ್ನು ವಾರಗಟ್ಟಲೆ ಹೇಳಿದರು. ಅಮ್ಮ ಕೇಳಿದ್ದು ಒಂದೇ: “ಸಮುದ್ರ ಹೆಂಗಿತ್ರೀ?”

“ನಮ್ಮ ಅಯ್ಯನಕೆರೆ ಐತಲ್ಲ, ಅದಕ್ಕೆ ಆಚೆ ದಡ ಇಲ್ಲ ಅಂದ್ಕೋ. ಅಷ್ಟೇ ಕಣೇ.”

ಅಂದಿನಿಂದ ಕೆರೆ ಏರಿಯ ಮೇಲೆ ಹೋದಾಗಲೆಲ್ಲ ಅಮ್ಮ ನಿಂತು, ಎದುರಿನ ಗುಡ್ಡಕ್ಕೆ ಅಂಗೈ ಅಡ್ಡ ಹಿಡಿದು, ನೀರನ್ನಷ್ಟೇ ನೋಡುತ್ತಿದ್ದಳು. ನನಗೂ ಹಾಗೆ ನೋಡುವುದನ್ನು ಕಲಿಸಿದಳು. ನನ್ನ ಪುಟ್ಟ ಅಂಗೈಗೆ ಗುಡ್ಡ ಪೂರ್ತಿ ಮರೆಯಾಗುತ್ತಿರಲಿಲ್ಲ. ಅಮ್ಮ ತನ್ನದನ್ನೂ ಸೇರಿಸುತ್ತಿದ್ದಳು. ಮುಂದಿನ ಸಲ ನಿಮ್ಮನ್ನೂ ಕರ್ಕೊಂಡೋಗ್ತೀನಿ ಎಂದಿದ್ದ ಅಪ್ಪ ಮತ್ತೆ ಆ ಕಡೆ ಹೋಗಲೇ ಇಲ್ಲ. ಈಗ ಅವರೂ ಇಲ್ಲ.

“ಅಷ್ಟು ಆಸೆ ಪಟ್ಟೋಳು ಈಗ್ಯಾಕಮ್ಮ ಬೇಡ ಅಂತೀಯಾ?” ಎಂದು ಸಿಟ್ಟಿನಿಂದಲೇ ಕೇಳಿದೆ.

“ಹೋಗಿ ನೋಡಿದ್ಮೇಲೆ, ನಾ ಅಂದ್ಕೊಂಡಿದ್ದಕ್ಕಿಂತ ಅದು ಚಿಕ್ಕದಿದ್ರೆ?”

“ಸರಿ, ನಾನೊಬ್ಳೇ ಹೋಗ್ಬತ್ತೀನಿ” ಎಂದು ಬುತ್ತಿ ಎತ್ತಿಕೊಂಡೆ.

“ಹೋಗ್ಬಾ. ಆದ್ರೆ ಬಂದು, ಹೆಂಗಿತ್ತು ಅಂತ ಮಾತ್ರ ನನ್ಹತ್ರ ಹೇಳ್ಬೇಡ.”