ಗೋಡೆಯಾಚೆಯ ಪುಂಡಿಸೊಪ್ಪು

ರೇಣುಕಾ ಸೋಪಿನ ನೀರು ಚೆಲ್ಲಿರಲಿಲ್ಲ. ಹನುಮವ್ವನ ಪುಂಡಿಸೊಪ್ಪನ್ನು ಸುಟ್ಟಿದ್ದು ನಾನು ಹೊಡೆದ ಕಳೆನಾಶಕ. ಅದು ಅವತ್ತೇ ನನಗೆ ಗೊತ್ತಿತ್ತು — ಗೊತ್ತಿದ್ದೂ ಬೇರೆ ಮಾತು ಹೇಳಿದೆ. ಆ ಒಂದು ಮಾತಿಗೆ ಇಬ್ಬರು ಗೆಳತಿಯರು ಐದು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಬರಲು ಹೋದರೆ ಮತ್ತೆ ಎಲ್ಲಾದರೂ ನುಣುಚಿಕೊಂಡೇನು. ನನ್ನ ನಾಲಿಗೆಯ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ.

ಹೆಬ್ಬಗೋಡಿಯ ಒಂದು ಕಾರ್ಖಾನೆಯಲ್ಲಿ ನಾನು ಮೆಂಟೆನೆನ್ಸ್ ಸೂಪರ್‌ವೈಸರ್. ಮೋಟಾರು ಸುಟ್ಟರೂ ನಾನೇ, ಚರಂಡಿ ಕಟ್ಟಿದರೂ ನಾನೇ, ಅಂಗಳದಲ್ಲಿ ಹುಲ್ಲು ಬೆಳೆದರೂ ನಾನೇ. ನಮ್ಮ ಹಿಂದಿನ ಗೋಡೆಗೆ ಅಂಟಿಕೊಂಡಂತೆ ಒಂದು ವಠಾರವಿದೆ. ತಗಡಿನ ಹತ್ತು ಕೋಣೆ, ಒಂದು ನಲ್ಲಿ, ಬಟ್ಟೆ ಒಗೆಯಲು ಒಂದು ಕಲ್ಲು. ಯಾದಗಿರಿ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರು ಅಲ್ಲಿರುತ್ತಾರೆ. ಗೋಡೆಗೂ ಕೋಣೆಗಳಿಗೂ ನಡುವೆ ಒಂದು ಮಾರು ಅಗಲದ ಮಣ್ಣಿತ್ತು. ಅದರಲ್ಲಿ ಹನುಮವ್ವ ಪುಂಡಿ ಬೆಳೆದಿದ್ದಳು — ನಮ್ಮ ಕಡೆಯವರು ಗೋಂಗೂರ ಅನ್ನುವ ಆ ಹುಳಿ ಸೊಪ್ಪು. ರೊಟ್ಟಿಯ ಜೊತೆ ಅದಿಲ್ಲದಿದ್ದರೆ ಆ ಜನಕ್ಕೆ ಊಟವೇ ಅಲ್ಲ.

ಹನುಮವ್ವ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಪಕ್ಕದ ಕೋಣೆಯ ರೇಣುಕಾ ಪ್ಯಾಕಿಂಗ್ ಯೂನಿಟ್ಟಿಗೆ. ಒಬ್ಬಳು ರೊಟ್ಟಿ ಬಡಿದರೆ ಇನ್ನೊಬ್ಬಳು ಪಲ್ಲೆ ಮಾಡುವುದು, ಇಬ್ಬರ ಮಕ್ಕಳೂ ಒಂದೇ ತಟ್ಟೆಗೆ ಕೈ ಹಾಕುವುದು. ಒಗೆಯುವ ಕಲ್ಲು ಪುಂಡಿಯ ಪಕ್ಕದಲ್ಲೇ ಇತ್ತು. ಸೋಪಿನ ನೀರು ಗಿಡಕ್ಕೆ ಹೋಗಬಾರದೆಂದು ರೇಣುಕಾ ತಾನೇ ಮಣ್ಣಿನ ಒಡ್ಡು ಕಟ್ಟಿ, ನೀರನ್ನು ಚರಂಡಿಗೆ ತಿರುಗಿಸಿದ್ದಳು. ಆ ಒಡ್ಡು ಕಟ್ಟುವುದನ್ನು ನಾನು ಏಣಿಯ ಮೇಲೆ ನಿಂತು ನೋಡಿದ್ದೇನೆ. ದಯವಿಟ್ಟು ಇದೊಂದನ್ನು ಮರೆಯಬೇಡಿ — ನಾನು ಮರೆತವನಂತೆ ನಟಿಸಿದ್ದು ಇದನ್ನೇ.

ನಲ್ಲಿಯಲ್ಲಿ ನೀರು ಬಾರದ ದಿನ ನಾನು ನಮ್ಮ ಪೈಪನ್ನು ಗೋಡೆಯಾಚೆ ಇಳಿಬಿಡುತ್ತಿದ್ದೆ. ಆ ಉಪಕಾರಕ್ಕೆ ಹನುಮವ್ವ ಪ್ರತಿ ಸೋಮವಾರ ಬೆಳಿಗ್ಗೆ, ಗೋಡೆಯ ಇಟ್ಟಿಗೆ ಬಿದ್ದು ತಗ್ಗಾದ ಕಡೆ, ಒಂದು ಕಟ್ಟು ಪುಂಡಿ ಇಟ್ಟು ಕೆಲಸಕ್ಕೆ ಹೋಗುತ್ತಿದ್ದಳು.

ಐದು ವರ್ಷದ ಹಿಂದಿನ ಒಂದು ಬುಧವಾರ ಅದು — ಮುಂದಿನ ವಾರ ಗಿರಾಕಿ ಕಂಪನಿಯವರು ಆಡಿಟ್‌ಗೆ ಬರುವವರಿದ್ದರು. ಆಡಿಟ್ ಎಂದರೆ ನಮ್ಮಲ್ಲಿ ಮದುವೆ ಮನೆಯ ಗಡಿಬಿಡಿ. ಗೋಡೆಗೆ ಸುಣ್ಣ, ನೆಲಕ್ಕೆ ಹಳದಿ ಗೆರೆ, ಕಣ್ಣಿಗೆ ಬಿದ್ದ ಹಸಿರೆಲ್ಲ ಕಳೆ. ಹಿಂದಿನ ಗೋಡೆಯ ಬುಡದಲ್ಲಿ ಪಾರ್ಥೇನಿಯಂ ಸೊಂಟದ ಎತ್ತರ ಬೆಳೆದಿತ್ತು, ಮೇಲೆ ಬಳ್ಳಿ ಹಬ್ಬಿತ್ತು. ಮ್ಯಾನೇಜರ್ ಬೆರಳು ತೋರಿಸಿ ಹೋದರು. ಕಿತ್ತು ಹಾಕಲು ಇಬ್ಬರು ಆಳು, ಎರಡು ದಿನ ಸಾಕಿತ್ತು. ನನಗೆ ಅಷ್ಟು ತಾಳ್ಮೆ ಎಲ್ಲಿ? ನನ್ನ ಹೆಂಡತಿ ಹೇಳುವಂತೆ ನನ್ನದು ನಿಂತ ಕಾಲಲ್ಲೇ ಆಗಬೇಕೆನ್ನುವ ಜಾತಿ.

ಮದ್ದು ಹೊಡೆಯಬೇಕಾದದ್ದು ಬೆಳಿಗ್ಗೆ, ಎಲೆ ಅಲುಗಿತೋ ಇಲ್ಲವೋ ಅನ್ನುವಷ್ಟೇ ಗಾಳಿ ಇರುವಾಗ. ಆದರೆ ಬೆಳಗಿನ ಶಿಫ್ಟಿನವರು ಅದೇ ಗೋಡೆಯ ಬಳಿ ಟೀ ಕುಡಿಯುತ್ತಾರೆ. ಹಿಂದೊಮ್ಮೆ ವಾಸನೆ ಎಂದು ದೂರು ಕೊಟ್ಟಿದ್ದರು. ಹಾಗಾಗಿ ನಮ್ಮಲ್ಲಿ ಒಂದು ರೂಢಿ ಬಿದ್ದಿತ್ತು — ಊಟದ ಗಂಟೆ ಮುಗಿದು ಅಂಗಳ ಖಾಲಿಯಾದ ಮೇಲೆ, ಎರಡು ಗಂಟೆಗೆ ಹೊಡೆಯುವುದು. ನಮ್ಮವರಿಗೆ ತೊಂದರೆಯಿಲ್ಲದ ಹೊತ್ತು ಅದು. ಗಾಳಿ ಏಳುವ ಹೊತ್ತೂ ಅದೇ. ಗೋಡೆಯಾಚೆ ಇರುವವರು ನಮ್ಮ ಲೆಕ್ಕದಲ್ಲೇ ಇರಲಿಲ್ಲ.

ನಾನೇನು ತಿಳಿಯದವನಲ್ಲ. ನಮ್ಮಪ್ಪ ಆನೇಕಲ್ ಕಡೆ ರೇಷ್ಮೆಗೆಂದು ಹಿಪ್ಪುನೇರಳೆ ಬೆಳೆದವರು. ಪಕ್ಕದ ಹೊಲದ ಮದ್ದು ಗಾಳಿಯಲ್ಲಿ ತೇಲಿ ಬಂದು ಸೊಪ್ಪಿನ ಮೇಲೆ ಕೂತರೆ ಹುಳುವಿನ ಗತಿ ಏನಾಗುತ್ತದೆಂದು ಮನೆಮಂದಿಗೆಲ್ಲ ಗೊತ್ತಿತ್ತು. ತಾವು ಮದ್ದಿನ ಕ್ಯಾನು ಹೆಗಲಿಗೇರಿಸುವ ಮುನ್ನ ಅಪ್ಪ ಒಂದು ಚಿಟಿಕೆ ಬೂದಿ ತೂರುತ್ತಿದ್ದರು. ಬೂದಿ ಎತ್ತ ಹೋಯಿತೋ ಮದ್ದೂ ಅತ್ತಲೇ. ಅತ್ತ ಕಡೆ ಯಾರದಾದರೂ ಬೆಳೆಯಿದ್ದರೆ ಕ್ಯಾನು ಕೆಳಗಿಳಿಸಿ ಮನೆಗೆ ಬಂದುಬಿಡುತ್ತಿದ್ದರು. ಆ ಮನುಷ್ಯನ ಮಗ ನಾನು. ಬೂದಿ ತೂರಲಿಲ್ಲ. ಕ್ಯಾನು ಬೇಗ ಮುಗಿಯದಿರಲೆಂದು ಮೂತಿಯನ್ನು ತಿರುಗಿಸಿ ಹನಿಯನ್ನು ಮಂಜಿನಷ್ಟು ಸಣ್ಣ ಮಾಡಿದೆ. ಹನಿ ಚದುರದಂತೆ ಮೂತಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಮುಚ್ಚಿಗೆ ಸ್ಟೋರಿನಲ್ಲೇ ಉಳಿಯಿತು. ಬಳ್ಳಿಗೆ ಸಿಗಲಿ ಎಂದು ಕ್ಯಾನಿನ ಕೋಲನ್ನು ತಲೆಯ ಮೇಲಕ್ಕೆತ್ತಿ ಹೊಡೆದೆ. ಗಾಳಿ ನನ್ನ ಬೆನ್ನಿಗಿತ್ತು. ಮುಖಕ್ಕೆ ಬರಲಿಲ್ಲವಲ್ಲ, ಸದ್ಯ, ಎಂದು ಖುಷಿಪಟ್ಟೆ.

ಶುಕ್ರವಾರ ಹನುಮವ್ವ ಗೇಟಿಗೆ ಬಂದು ನನ್ನನ್ನು ಕರೆಸಿದಳು. ಗಿಡಕ್ಕೆ ಏನೋ ಆಗಿದೆ, ನಿಮಗೆ ಗಿಡದ್ದೆಲ್ಲ ತಿಳಿಯುತ್ತದೆ, ಬಂದು ನೋಡಿ ಎಂದಳು. ಸುತ್ತಿ ಹೋಗಿ ನೋಡಿದೆ. ಪುಂಡಿಯ ಕಾಂಡಗಳು ತಿರುಚಿಕೊಂಡಿದ್ದವು, ಎಲೆಗಳು ಮಡಿಸಿದ ಅಂಗೈಯಂತೆ ಒಳಕ್ಕೆ ಮುರುಟಿದ್ದವು. ಅವುಗಳ ಬುಡದಲ್ಲೇ ಗರಿಕೆ ಹುಲ್ಲು ಹಚ್ಚಗೆ ನಿಂತಿತ್ತು. ಅಗಲ ಎಲೆಯ ಗಿಡವನ್ನಷ್ಟೇ ಕೊಂದು ಹುಲ್ಲನ್ನು ಬಿಡುವುದು ನಾನು ಹೊಡೆದ ಮದ್ದಿನ ಗುಣ. ಸೋಪಿನ ನೀರಿಗೆ ಅಂಥ ಭೇದಭಾವವಿಲ್ಲ. ಅಲ್ಲಿ ನಿಂತಿದ್ದವರಲ್ಲಿ ಆ ಗರಿಕೆಯನ್ನು ಓದಬಲ್ಲವನು ನಾನೊಬ್ಬನೇ.

ಹೆದರಿದೆ. ದೂರು ಒಳಗೆ ಹೋದರೆ, ಅದೂ ಆಡಿಟ್ ಹತ್ತಿರವಿರುವಾಗ — ನನ್ನ ಕೆಲಸ — ಬಾಯಿ ತಾನಾಗಿ ತೆರೆದುಕೊಂಡಿತು.

“ಸೋಪ್‌ನೀರ್ ಬಿಟ್ಟವ್ರೆ ಕಣಕ್ಕ ಯಾರೋ. ಬೇರು ಸುಟ್ಟೋಗದೆ.”

ಯಾರೋ ಎಂದೆ, ಹೆಸರು ಹೇಳಲಿಲ್ಲ. ಈ ‘ಯಾರೋ’ ಅನ್ನುವ ಪದದ ಹಿಂದೆ ನಾನು ಐದು ವರ್ಷ ಅಡಗಿ ಕೂತಿದ್ದೆ. ಆದರೆ ಅಲ್ಲಿದ್ದದ್ದು ಒಂದೇ ಕಲ್ಲು. ಗುರುವಾರವೆಲ್ಲ ಅದರ ಮೇಲೆ ಬಟ್ಟೆ ಒಗೆದವಳು ರೇಣುಕಾ.

ಸಂಜೆ ಐದಕ್ಕೆ ನಲ್ಲಿಗೆ ನೀರು ಬರುತ್ತದೆ. ವಠಾರವೆಲ್ಲ ಕೊಡ ಹಿಡಿದು ನಿಂತಿರುವಾಗ ಜಗಳ ಎದ್ದಿತು. ನಾನು ಗೋಡೆಯ ಈಚೆ ಪಂಪು ಬಿಚ್ಚುತ್ತಿದ್ದೆ, ಪ್ರತಿಯೊಂದು ಮಾತೂ ಕೇಳಿಸಿತು. ಹೊಟ್ಟೆಕಿಚ್ಚಿನವಳು ಎಂದಳು ಹನುಮವ್ವ. ಉಂಡ ಮನೆಗೆ ಎರಡು ಬಗೆದವಳು ಎಂದಳು. ನನ್ನ ಮಗಳ ಆಣೆ, ನಾನು ಚೆಲ್ಲಿಲ್ಲ, ಎಂದಳು ರೇಣುಕಾ — ಒಂದಲ್ಲ, ಮೂರು ಸಲ. ಯಾರೂ ನಂಬಲಿಲ್ಲ. ಸೂಪರ್‌ವೈಸರ್ ಸಾಹೇಬರೇ ನೋಡಿ ಹೇಳಿದ್ದಾರಲ್ಲ! ಗೋಡೆಯ ಮೇಲಿಂದ ಒಂದು ಮಾತು ಕೂಗಿದ್ದರೆ ಮುಗಿಯುತ್ತಿತ್ತು. ಸ್ಪ್ಯಾನರ್ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಮುಂದಿನ ತಿಂಗಳು ರೇಣುಕಾ ಕೋಣೆ ಖಾಲಿ ಮಾಡಿ ಹೊಸೂರು ರಸ್ತೆಯ ಆಚೆ ಹೋದಳು.

ಆಡಿಟ್ ಚೆನ್ನಾಗಿಯೇ ಆಯಿತು. ನನಗೆ ಮಾತ್ರ ಒಂದು ಮುಳ್ಳು ಒಳಗೇ ಮುರಿದು ಉಳಿಯಿತು, ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಮದ್ದು ಬಿದ್ದದ್ದು ಬುಧವಾರ, ಎಲೆ ಮುರುಟಿದ್ದು ಕಂಡದ್ದು ಶುಕ್ರವಾರ. ನಡುವಿನ ಆ ಎರಡು ದಿನ? ಆ ಸೊಪ್ಪನ್ನು ಕೊಯ್ದು ಮಕ್ಕಳಿಗೆ ಉಣ್ಣಿಸಿದ್ದರೆ? ತಿನ್ನಬೇಡಿ ಎಂಬ ಮಾತನ್ನಾದರೂ ನಾನು ಹೇಳಬಹುದಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಿದ್ದರು. ಆಮೇಲೆ ಗೋಡೆಯಾಚೆ ಒಂದು ಮಗು ಕೆಮ್ಮಿದರೂ ನನ್ನ ಕೈ ನಿಲ್ಲುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಹೆಗಲು ಮುಟ್ಟಿಕೊಳ್ಳುವುದೇ ನನ್ನ ಬದುಕಾಯಿತು. ಹನುಮವ್ವ ಮತ್ತೆ ಬಿತ್ತಿದಳು, ಪುಂಡಿ ಮತ್ತೆ ಬಂತು, ಸೋಮವಾರದ ಕಟ್ಟು ಮತ್ತೆ ಗೋಡೆಯ ಮೇಲೆ ಬಂತು. ಅದನ್ನು ತೆಗೆದುಕೊಂಡು ಗೇಟಿನ ಸೆಕ್ಯುರಿಟಿಯವನ ಕೈಗೆ ಹಾಕುತ್ತಿದ್ದೆ. ಒಂದು ದಿನವೂ ಬಾಯಿಗಿಡಲಿಲ್ಲ.

ಕಳೆದ ತಿಂಗಳು ತೋಟದ ಕೆಲಸಕ್ಕೆ ಹೊಸಬರು ಬಂದರು. ಮದ್ದು ಹೊಡೆಯುವ ಕ್ರಮವನ್ನು ಅವರಿಗೆ ನೀವೇ ಹೇಳಿಕೊಡಿ ಎಂದರು ಮ್ಯಾನೇಜರ್. ಹೇಳಿದೆ, ಬಹಳ ಚೆನ್ನಾಗಿಯೇ ಹೇಳಿದೆ. ಡಬ್ಬಿಯ ಮೇಲಿನದನ್ನು ಮೊದಲು ಓದಿ, ಕೈಗವಸು ಹಾಕಿ, ಬೂದಿ ತೂರಿ ಗಾಳಿ ನೋಡಿ, ಕೋಲು ಮೊಣಕಾಲಿಗಿಂತ ಮೇಲೆ ಏಳಬಾರದು, ಹನಿ ದಪ್ಪ ಇರಲಿ, ಮುಚ್ಚಿಗೆ ಬಿಡಬೇಡಿ, ಗೋಡೆಯಾಚೆ ಇರುವವರಿಗೆ ಹಿಂದಿನ ದಿನವೇ ಹೇಳಿ, ಕಳೆಗೆ ಹೊಡೆದ ಕ್ಯಾನಿನಲ್ಲಿ ಹೂಗಿಡಕ್ಕೆ ಏನನ್ನೂ ಹೊಡೆಯಬೇಡಿ. ನನ್ನದೇ ವಯಸ್ಸಿನ ಒಬ್ಬ ಹೆಣ್ಣುಮಗಳು ಎದ್ದು ಕೇಳಿದಳು: ಇಷ್ಟೆಲ್ಲ ಮಾಡಿಯೂ ತಪ್ಪಿ ಯಾರದೋ ಗಿಡದ ಮೇಲೆ ಬಿದ್ದರೆ?

“ಹೋಗಿ ಹೇಳ್ಬೇಕಮ್ಮ,” ಎಂದೆ. “ಅವತ್ತೇ.”

ಅವಳು ತಲೆಯಾಡಿಸಿ ಕೂತಳು. ನೀರು ಕುಡಿದು, ಇವತ್ತಿಗೆ ಸಾಕು ಎಂದು ಎದ್ದೆ.

ಭಾನುವಾರ ಬೆಳಿಗ್ಗೆ ವಠಾರಕ್ಕೆ ಹೋದೆ. ಹನುಮವ್ವ ಪುಂಡಿ ಕೊಯ್ಯುತ್ತಿದ್ದಳು. ಕೂರಲು ಸ್ಟೂಲು ತರಹೋದಳು, ಬೇಡ ಎಂದೆ. ನಿಂತುಕೊಂಡೇ ಎಲ್ಲ ಹೇಳಿದೆ — ಗಾಳಿ, ಕೋಲು, ಗರಿಕೆ, ನನ್ನ ಸುಳ್ಳು. ಅವಳ ಕೈ ನಿಂತಿತು. ನನ್ನನ್ನು ನೋಡಲಿಲ್ಲ, ಗೋಡೆಯನ್ನು ನೋಡಿದಳು. ಆಮೇಲೆ ನಾನು, ಐದು ವರ್ಷದಿಂದ ಕೇಳದೆ ಉಳಿದಿದ್ದನ್ನು ಕೇಳಿದೆ. ಆ ಎರಡು ದಿನ ಅದನ್ನು ತಿಂದಿರಾ?

“ನಾ ಕೊಯ್ಯೂದು ಐತಾರ ಅಷ್ಟರೀ. ಮುರುಟಿದ್ದನ್ನ ಯಾರ್ ತಿಂತಾರ? ಕಿತ್ತು ಒಗದೆ, ಆಡಿಗೂ ಹಾಕ್ಲಿಲ್ಲ.”

ಭಾನುವಾರ ಕೊಯ್ದದ್ದೇ ಸೋಮವಾರ ನನ್ನ ಗೋಡೆಯ ಮೇಲೆ ಬರುತ್ತಿತ್ತು! ವರ್ಷಗಟ್ಟಲೆ ಆ ಕಟ್ಟು ಎತ್ತಿಕೊಂಡವನಿಗೆ ಅಷ್ಟು ಹೊಳೆಯಲಿಲ್ಲವಲ್ಲ. ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಅತ್ತುಬಿಟ್ಟೆ, ಹೇಳಲು ನಾಚಿಕೆಯಿಲ್ಲ. ಅಷ್ಟು ಹಗುರ ನಾನು ಎಂದೂ ಆಗಿರಲಿಲ್ಲ. ಅವಳು ನನ್ನ ಅಳು ಮುಗಿಯಲು ಬಿಟ್ಟಳು. ಸಮಾಧಾನ ಮಾಡಲಿಲ್ಲ.

“ನನ್ನ ಮುಂದ ಹೇಳಿ ಏನ್ ಬಂತ್ರಿ,” ಎಂದಳು. “ಅಕಿ ಮುಂದ ಹೇಳ್ರಿ.”

ಸೊಪ್ಪನ್ನು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿ, ನನಗಿಂತ ಮುಂದೆ ಹೊರಟಳು. ಹೊಸೂರು ರಸ್ತೆಯ ಮೇಲ್ಸೇತುವೆ ಹತ್ತಿ ಇಳಿಯುವವರೆಗೂ ಹಿಂದೆ ತಿರುಗಿ ನೋಡಲಿಲ್ಲ. ರೇಣುಕಾಳ ಮನೆ ಅವಳಿಗೆ ಗೊತ್ತಿತ್ತು. ಯಾರನ್ನೂ ಕೇಳದೆ ನೇರ ಹೋದಳು. ರೇಣುಕಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಹನುಮವ್ವ ಅವಳ ಮುಖ ನೋಡಲಾರದೆ ನೆಲ ನೋಡುತ್ತ ನಿಂತಳು. ನಾನು ಹೇಳಿದೆ. ಮೊದಲ ಸಲಕ್ಕಿಂತ ಕಷ್ಟವಾಯಿತು. ರೇಣುಕಾ ಕೇಳಿಸಿಕೊಂಡು, ಸೆರಗಿನಿಂದ ಕೈ ಒರೆಸಿಕೊಂಡಳು. ಒಳಗೆ ಬನ್ನಿ ಎನ್ನಲಿಲ್ಲ.

“ಅವತ್ತ ನಳದ ಮುಂದ ನನ್ನ ಮಾನ ಹೋತು,” ಎಂದಳು. “ತರೂದಿದ್ರ ಅಲ್ಲಿಂದನ ತರ್ರಿ.”

ಅದೇ ಸಂಜೆ ಐದಕ್ಕೆ ನಲ್ಲಿಯ ಮುಂದೆ ನಿಂತೆ. ರೇಣುಕಾ ಮಗಳನ್ನೂ ಕರೆತಂದಿದ್ದಳು. ಸಾಲಿನಲ್ಲಿದ್ದವರಲ್ಲಿ ಅರ್ಧಕ್ಕರ್ಧ ಹೊಸಬರು, ಅವರಿಗೆ ಯಾವ ಪುಂಡಿ, ಯಾವ ಜಗಳ! ಆದರೂ ಗಟ್ಟಿಯಾಗಿ ಹೇಳಿದೆ. ಒಬ್ಬ ನಕ್ಕ. ಹಳಬರು ಮೂವರು ಕೊಡ ಕೆಳಗಿಟ್ಟು ಕೇಳಿದರು. ಅವರಲ್ಲೊಬ್ಬಾಕೆ ರೇಣುಕಾಳ ಕಡೆ ತಿರುಗಿ, ಅವತ್ತು ನಾನೂ ಒಂದು ಮಾತು ಅಂದಿದ್ದೆ ಎಂದು ಮೆಲ್ಲಗೆ ಹೇಳಿದಳು. ನಾನು ಮುಗಿಸಿದಾಗ ರೇಣುಕಾ ನನಗೆ ಬೆನ್ನು ಹಾಕಿ ತಿರುಗಿದಳು. ಮಗಳಿಗೆ, ಕೇಳಿದಿ ಅಲ್ಲ, ಎಂದಳು. ಹನುಮವ್ವ ಅವಳ ಕೈ ಹಿಡಿದುಕೊಂಡಳು, ಅವಳು ಬಿಡಿಸಿಕೊಳ್ಳಲಿಲ್ಲ.

ಮ್ಯಾನೇಜರ್‌ಗೂ ಹೇಳಿದ್ದೇನೆ, ಬರಹದಲ್ಲಿ ಕೊಟ್ಟಿದ್ದೇನೆ. ಏನು ಬರುತ್ತದೋ ಬರಲಿ. ಆ ಗೋಡೆಯ ಉದ್ದಕ್ಕೂ ಇನ್ನು ಮದ್ದಿಲ್ಲ, ಕೈಯಲ್ಲೇ ಕೀಳುವುದು. ಮೊದಲ ಸಾಲು ನಾನೇ ಕಿತ್ತೆ.

ಆ ಸೋಮವಾರ ಗೋಡೆಯ ಮೇಲೆ ಕಟ್ಟು ಇರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಹಾದುಹೋಗುವಾಗ ಅತ್ತ ಕಣ್ಣು ಹಾಯಿಸಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾದೀತು. ನಿನ್ನೆ ಭಾನುವಾರ, ಪಂಪಿನ ಕೆಲಸಕ್ಕೆಂದು ಬಂದಿದ್ದೆ. ಗೋಡೆಯಾಚೆ ಇಬ್ಬರು ಹೆಂಗಸರು ಪಲ್ಲೆಗೆ ಉಪ್ಪು ಹೆಚ್ಚಾಯಿತೆಂದು ಜಗಳವಾಡುತ್ತಿದ್ದರು, ನಡುನಡುವೆ ನಗುತ್ತಿದ್ದರು. ಸ್ಪ್ಯಾನರ್ ಹಿಡಿದು ನಿಂತು ಕೇಳಿದೆ. ನನ್ನನ್ನು ಯಾರೂ ಕರೆಯಲಿಲ್ಲ. ಕೆಲಸ ಮುಗಿಸಿ ಮನೆಗೆ ಹೋಗಿ, ಹೆಂಡತಿ ಬಡಿಸಿದ್ದನ್ನು ಹೊಟ್ಟೆ ತುಂಬ ಉಂಡೆ.