ಛತ್ರಿ ಚಾಚಾನ ನೀಲಿ ಟಾರ್ಪಾಲು

“ಕೈ ಮುಗಿತೀನ್ರೀ ಮೇಡಂ, ಆ ಫೋಟೋ ಎಲ್ಲಾ ಅಳಿಸಿಬಿಡ್ರಿ. ದಿನಾ ಟಾರ್ಪಾಲು ತೆಗಿತೀನಲ್ಲ, ಇನ್ನೇನ್ ಮಾಡಾಕೆ ಬರ್ತೀರಿ?”

ಚನ್ನಗಿರಿಯ ರಸ್ತೆ ಬದಿಯಲ್ಲಿ ಛತ್ರಿ ರಿಪೇರಿ ಮಾಡುವ ವಯಸ್ಸಾದ ಚಾಚಾ ಹಾಗೆಂದಾಗ, ಮೊಬೈಲ್ ಹಿಡಿದ ನನ್ನ ಕೈ ಅಲ್ಲೇ ನಿಂತಿತು.

ನಾನು ಮಳೆಯೇ ಅಪರೂಪವಾದ ಜಗಳೂರು ಕಡೆಯ ಸೊಕ್ಕೆಯವಳು. ಇಲ್ಲಿನ ಲ್ಯಾಬ್ ಒಂದಕ್ಕೆ ಕೆಲಸಕ್ಕೆ ಬಂದು ಮೂರು ವಾರವಾಗಿತ್ತು, ಬಂದ ದಿನ ಹಿಡಿದ ಮಳೆ ಬಿಟ್ಟಿರಲಿಲ್ಲ. ಹೇಳಿದರೆ ಅವ್ವ ನಂಬುವುದಿಲ್ಲವೆಂದು ದಿನಾ ಬೆಳಿಗ್ಗೆ ಈ ರಸ್ತೆಯದೊಂದು ಫೋಟೋ ತೆಗೆದು ಕಳಿಸುತ್ತಿದ್ದೆ. ನನ್ನ ಕೊರಳಿನ ಐಡಿ ಕಾರ್ಡ್ ನೋಡಿ ಚಾಚಾ, ರಸ್ತೆ ಒತ್ತುವರಿ ತೆರವು ಮಾಡಿಸುವ ಪುರಸಭೆಯವಳು ಎಂದುಕೊಂಡಿದ್ದರು. ನನ್ನನ್ನು ಕಂಡೊಡನೆ ಮಳೆಗೆ ಅಡ್ಡ ಕಟ್ಟಿದ್ದ ನೀಲಿ ಟಾರ್ಪಾಲು ಬಿಚ್ಚಿ ಮಡಚುತ್ತಿದ್ದರು. ಅದು ಇಲ್ಲಿನ ರೂಢಿಯೇನೋ ಎಂದು ನಾನೂ ಸುಮ್ಮನಿದ್ದೆ. ಊರಿನ ಛತ್ರಿಗಳನ್ನೆಲ್ಲ ಸರಿಮಾಡುವ ಮನುಷ್ಯ ನನ್ನಿಂದಾಗಿ ಮೂರು ವಾರ ನೆನೆದಿದ್ದರು!

ಬಾಯಿಮಾತು ನಂಬಲಿಕ್ಕಿಲ್ಲವೆಂದು, ಹಿಂದಿನ ದಿನದ ಫೋಟೋ ನೋಡಿ ಅವ್ವ ಕಳಿಸಿದ್ದ ಧ್ವನಿ ಸಂದೇಶವನ್ನೇ ಹಾಕಿ ಕೇಳಿಸಿದೆ: “ಪಾಪ, ಆ ಅಜ್ಜ ಹೆಂಗೆ ನೆನಕಂಡು ಕುಂತೈತೆ ನೋಡು! ಒಂದು ಛತ್ರಿನಾದ್ರೂ ಕೊಡ್ಸೇ.”

ಚಾಚಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುತ್ತಲೇ ಎದ್ದು ಟಾರ್ಪಾಲು ಬಿಗಿದು ಕಟ್ಟಿ, ಅದರಡಿ ನನಗೊಂದು ಸ್ಟೂಲ್ ಹಾಕಿದರು.

ಮರುದಿನದ ಫೋಟೋದಲ್ಲಿ ಬರೀ ಮಳೆಯಿತ್ತು. ಅಜ್ಜ ಎಲ್ಲಿ ಎಂದು ಅವ್ವ ಗಾಬರಿಯಿಂದ ಫೋನ್ ಮಾಡಿದಳು. ನನ್ನ ಪಕ್ಕದಲ್ಲೇ ಕೂತಿದ್ದಾರೆ, ಇಬ್ಬರೂ ನೆನೆದಿಲ್ಲ ಎಂದೆ.