ಹೇಮಶ್ರೀ ಬರೆಯದೆ ಬಿಟ್ಟ ವರ್ಷಗಳು

ಜೋಗುಪಾಳ್ಯದ ಹೇಮಶ್ರೀ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ದೊಡ್ಡನೆಕ್ಕುಂದಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಬೋರ್ಡುಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದಳು. ಕೆಟ್ಟ ಬೋರ್ಡಿನಲ್ಲಿ ತಪ್ಪು ಎಲ್ಲಿದೆಯೆಂದು ಹುಡುಕಿ, ಬೆಸುಗೆ ಬಿಚ್ಚಿ, ಮತ್ತೆ ಹಾಕಬೇಕು. ಊಟದ ಗಂಟೆ ಹೊಡೆದರೂ ಅವಳು ಏಳುತ್ತಿರಲಿಲ್ಲ. ೧೯೯೯ರಲ್ಲಿ ಕಾರ್ಖಾನೆ ಮುಚ್ಚಿತು.

ಒಂದು ವರ್ಷ ಮನೆಯಲ್ಲೇ ಕಳೆಯಿತು. ಸಂದರ್ಶನಕ್ಕೆ ಹೋದಲ್ಲೆಲ್ಲ, ಇಷ್ಟು ದಿನ ಯಾಕೆ ಖಾಲಿ ಇದ್ದೆ ಎಂದೇ ಕೇಳಿದರು. ಬೇರೆಯವರು ಬೇಡವೆಂದವಳನ್ನು ನಾವೇಕೆ ತೆಗೆದುಕೊಳ್ಳಬೇಕು ಎಂಬ ಅನುಮಾನ ಅವರ ಮುಖದಲ್ಲೇ ಕಾಣುತ್ತಿತ್ತು. ಖಾಲಿ ಇರಬಾರದೆಂದು ಅವಳು ಕೆ.ಆರ್. ಪುರದ ಹತ್ತಿರ ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಆದಳು. ಹೊಲಿದ ಅಂಗಿಯ ಹೆಚ್ಚಿನ ದಾರ ಕತ್ತರಿಸಿದ ಕೂಡಲೇ ಎಡಗಡೆಯ ಮೇಜಿಗೆ ಎಸೆಯಬೇಕು. ತಿರುಗಿ ನೋಡಲೂ ಪುರುಸೊತ್ತಿಲ್ಲ. ಹಾಗೆ ನಿಂತೇ ಮೂರು ವರ್ಷ ದುಡಿದಳು. ಈಗ ಅರ್ಜಿ ಹಾಕಿದರೆ ಕರೆಯೇ ಬರಲಿಲ್ಲ. ತಾನೇ ಹೋಗಿ ವಿಚಾರಿಸಿದಾಗ ಒಬ್ಬರು ಮಾತ್ರ ಬಾಯಿಬಿಟ್ಟು ಹೇಳಿದರು: "ದಾರ ಕತ್ತರಿಸೋರಿಗೆ ಬೋರ್ಡ್ ಕೊಡಕ್ಕಾಗತ್ತಾ?"

ಪಕ್ಕದ ಮೇಜಿನ ಪರ್ವೀನ್ ಉಪಾಯ ಹೇಳಿಕೊಟ್ಟಳು. "ಗಾರ್ಮೆಂಟ್ಸ್ ಅಂತ ಯಾಕೆ ಬರೀತೀಯೆ? ಅಪ್ಪಂಗೆ ಹುಷಾರಿರ್ಲಿಲ್ಲ, ಮನೇಲಿದ್ದು ನೋಡ್ಕೊಂಡೆ ಅನ್ನು."

"ನಮ್ಮಪ್ಪ ಗುಂಡುಕಲ್ಲು ಇದ್ದಂಗಿದ್ದಾರೆ ಕಣೆ."

"ಇಂಟರ್‌ವ್ಯೂ ಮುಗಿಯೋವರ್ಗೂ ಸ್ವಲ್ಪ ಕೆಮ್ಮಕ್ಕೆ ಹೇಳು!"

ಹಾಗೆಯೇ ಬರೆದಳು. ಮತ್ತೊಂದು ಕಂಪನಿಯಿಂದ ಕರೆ ಬಂತು. ಟೆಸ್ಟಿಂಗ್ ವಿಭಾಗದ ಮುಖ್ಯಸ್ಥ ಚಂದ್ರಶೇಖರಯ್ಯ ಅಪ್ಪನ ಆರೋಗ್ಯ ವಿಚಾರಿಸಿ, ಕೆಟ್ಟ ಬೋರ್ಡೊಂದನ್ನು ಮುಂದಿಟ್ಟರು. ಬೋರ್ಡು ಕೈಗೆ ಬಂದೊಡನೆ ಹಳೆಯ ಹಿಡಿತ ಮರಳಿತು. ತಪ್ಪು ಹುಡುಕಿ, ಕೆಟ್ಟ ಬಿಡಿಭಾಗ ತೆಗೆದು ಹೊಸದನ್ನು ಬೆಸೆದಳು.

ಅವರು ಬಗ್ಗಿ ನೋಡಿ, "ಚೆನ್ನಾಗ್ ಹಾಕಿದ್ದೀಯಮ್ಮ. ಬೋರ್ಡ್ ಹಿಂದೆ ಹೆಚ್ಚಾಗಿ ಚಾಚಿರೋ ತಂತಿ ಕತ್ತರಿಸಿ ಕೊಡು," ಎಂದರು.

ಅವಳು ಕಟರ್ ತೆಗೆದುಕೊಂಡು ತಂತಿ ಕತ್ತರಿಸಿದಳು. ಕತ್ತರಿಸಿದ ಕೂಡಲೇ ಅವಳ ಕೈ ಬೋರ್ಡನ್ನು ಎಡಕ್ಕೆ ಎಸೆಯಿತು. ಅಲ್ಲಿ ಮೇಜಿರಲಿಲ್ಲ. ಬೋರ್ಡು ನೆಲಕ್ಕೆ ಬಿದ್ದು ಸೀಳಿಹೋಯಿತು.

ಚಂದ್ರಶೇಖರಯ್ಯ ಸಿಟ್ಟಾಗಲಿಲ್ಲ. "ಯಾವ ಗಾರ್ಮೆಂಟ್ಸಮ್ಮ?" ಎಂದು ಕೇಳಿದರು. ಅವಳು ಕೆ.ಆರ್. ಪುರದ್ದೆಂದಳು. "ನಮ್ಮನೆಯವಳೂ ಗಾರ್ಮೆಂಟ್ಸಲ್ಲಿದ್ದೋಳೇ. ಬಿಟ್ಟ ಮೇಲೂ ತೊಳೆದ ತಟ್ಟೇನ ಹಿಂಗೇ ಎಸೀತಿದ್ಲು," ಎಂದರು ಅವರು.

"ನಿಜ ಬರೆದಿದ್ರೆ ತಗೋತಿದ್ರಾ ಸಾರ್?"

ಅವರು ಸೀಳಿದ ಬೋರ್ಡನ್ನು ಎತ್ತಿ ಮೇಜಿನ ಮೇಲಿಟ್ಟರು. "ಕರೀತಾನೇ ಇರ್ಲಿಲ್ಲ. ಆದ್ರೆ ಸುಳ್ಳು ಹೇಳಿದೋರ್ನ ಟೆಸ್ಟಿಂಗ್‌ಗೆ ಹಾಕಿದ್ರೆ ಮೇಲಿನೋರು ನನ್ನ ಕೇಳ್ತಾರೆ. ಪ್ಯಾಕಿಂಗ್‌ಗೆ ಜನ ಬೇಕು, ಬರ್ತೀಯಾ?"

"ಅಲ್ಲಿಂದ ಟೆಸ್ಟಿಂಗ್‌ಗೆ ಬರ್ಬೋದಾ ಸಾರ್?"

"ಇದುವರ್ಗೂ ಯಾರೂ ಬಂದಿಲ್ಲಮ್ಮ."

ಬೋರ್ಡುಗಳಿರುವ ಕಟ್ಟಡದೊಳಗಾದರೂ ಇರಬಹುದೆಂದು ಅವಳು ಒಪ್ಪಿಕೊಂಡಳು.

ವಿಷಯ ಕೇಳಿದ ಪರ್ವೀನ್, "ಪ್ಯಾಕಿಂಗಾ? ಅಲ್ಲಾದ್ರೂ ಕೂತ್ಕೊಳಕ್ಕೆ ಬಿಡ್ತಾರೇನೇ?" ಎಂದಳು.

"ಕೇಳ್ಲಿಲ್ಲ," ಎಂದಳು ಹೇಮಶ್ರೀ.